ಉತ್ತಮಾಂಗವಿಚಾರ: ವೇತಾಲನ ಪ್ರಶ್ನೆಯೂ ಮಿದುಳಿನೊಳಗಣ ವಿದ್ಯುದ್ಯಂತ್ರವೂ

೧. ವಿಷಯ

ಸೋಮದೇವನ ಕಥಾಸರಿತ್ಸಾಗರದಲ್ಲಿ ಬರುವ ಇಪ್ಪತ್ತೈದು ವೇತಾಲಕಥೆಗಳೊಳಗೆ ಆರನೆಯದು ತಲೆಗಳು ಅದಲುಬದಲಾದ ಕಥೆ. ಧವಲನೆಂಬ ಅಗಸನೂ ಅವನ ಹೆಂಡತಿ ಮದನಸುಂದರಿಯ ಒಡಹುಟ್ಟಿದವನೂ ಗೌರಿಯ ಗುಡಿಯಲ್ಲಿ ಒಬ್ಬರಾದ ಮೇಲೊಬ್ಬರು ತಮ್ಮ ತಲೆಗಳನ್ನು ತಾವೇ ಕಡಿದುಕೊಳ್ಳುತ್ತಾರೆ. ದೇವಿಯು ಪ್ರಸನ್ನಳಾಗಿ ಇಬ್ಬರನ್ನೂ ಬದುಕಿಸಿಕೊಳ್ಳಲು ಅಪ್ಪಣೆಯಿತ್ತಾಗ ಆ ಹೆಣ್ಣು ಸಡಗರದಲ್ಲಿ ಗಂಡನ ತಲೆಯನ್ನು ಒಡಹುಟ್ಟಿದವನ ಮುಂಡಕ್ಕೂ ಒಡಹುಟ್ಟಿದವನ ತಲೆಯನ್ನು ಗಂಡನ ಮುಂಡಕ್ಕೂ ಸೇರಿಸಿಬಿಡುತ್ತಾಳೆ. ಇವರಲ್ಲಿ ಗಂಡನಾರು ಎಂಬುದು ವೇತಾಲನ ಪ್ರಶ್ನೆ. ಅಂಗಗಳಲ್ಲಿ ಶಿರಸ್ಸೇ ಪ್ರಧಾನವಾದುದರಿಂದ ಗಂಡನ ತಲೆಯು ಯಾವ ಮೈಮೇಲಿದೆಯೋ ಅವನೇ ಗಂಡನೆಂಬುದು ಅರಸನ ಉತ್ತರ. ವೇತಾಲನು ಈ ಉತ್ತರವನ್ನು ಅಲ್ಲಗಳೆಯಲಿಲ್ಲ, ಮರಳಿ ಮರವನ್ನೇರಿದನು. ಶಿರಸ್ಸಿಗೆ ಉತ್ತಮಾಂಗವೆಂಬ ಹೆಸರು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ರೂಢವಾಗಿರುವುದರಿಂದ ಓದುಗರೂ ಆ ತೀರ್ಪನ್ನು ಸಂದೇಹವಿಲ್ಲದೆ ಒಪ್ಪಿಕೊಂಡು ಬಂದಿರುವರು.

ಆದರೆ ತಲೆಯೂ ಒಬ್ಬನದೇ, ಮುಂಡವೂ ಅವನದೇ ಆಗಿದ್ದು, ಆ ತಲೆಯೊಳಗೆ ಹೊರಗಿನ ಯಂತ್ರವೊಂದು ನೆಲೆಸಿ ಹಗಲಿರುಳು ವಿದ್ಯುತ್ತನ್ನು ಹರಿಸುತ್ತಿದ್ದರೆ, ಅವನು ಆಡಿದ ಮಾತು ಯಾರದು, ಬರೆದುಕೊಟ್ಟ ಪತ್ರ ಯಾರದು, ಮಾಡಿದ ತಪ್ಪು ಯಾರದು ಎಂಬ ಪ್ರಶ್ನೆಗೆ ಅರಸನ ಉತ್ತರವು ಸಾಲುವುದೆ? ಈ ಪ್ರಶ್ನೆ ಈಗ ಕಥೆಯೊಳಗಣದಲ್ಲ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳನ್ನು ನೆಡುತ್ತಿದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಯವನಿಗೂ ಕಾಯಿಲೆ ಬಂದರೆ ಇದೇ ಚಿಕಿತ್ಸೆಯ ಮಾತು ಕಿವಿಗೆ ಬೀಳುವ ಕಾಲವಿದು. ನ್ಯಾಯಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಸೇರಿದ ಈ ಪ್ರಶ್ನೆಯು ಸಾಹಿತ್ಯವಿಮರ್ಶೆಗೂ ಸೇರಿದ್ದು ಹೇಗೆಂಬುದು ಮುಂದಿನ ವಿಚಾರದಿಂದ ತಿಳಿಯುವುದು.

೨. ಯಂತ್ರದ ಸ್ವರೂಪ

ಈ ಚಿಕಿತ್ಸೆಗೆ ಇಂಗ್ಲಿಷಿನಲ್ಲಿ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ಎಂದು ಹೆಸರು. ತಲೆಬುರುಡೆಯಲ್ಲಿ ಸಣ್ಣ ರಂಧ್ರವನ್ನು ಕೊರೆದು, ತೆಳುವಾದ ತಂತಿಯನ್ನು ಮಿದುಳಿನ ಆಳದಲ್ಲಿರುವ ಗೊತ್ತಾದ ಸ್ಥಾನಕ್ಕೆ ಇಳಿಸುತ್ತಾರೆ. ಆ ತಂತಿಯು ಕಿವಿಯ ಹಿಂದಿನಿಂದ ಕುತ್ತಿಗೆಯ ಚರ್ಮದಡಿಯಲ್ಲಿ ಸಾಗಿ, ಕೊರಳೆಲುಬಿನ ಕೆಳಗೆ ಎದೆಯಲ್ಲಿ ಹುದುಗಿಸಿದ ಬ್ಯಾಟರಿಯ ಪೆಟ್ಟಿಗೆಯನ್ನು ಸೇರುತ್ತದೆ. ಸೆಕೆಂಡಿಗೆ ಸುಮಾರು ೧೩೦ ಸಲ ಮಿಡಿಯುವ ವಿದ್ಯುತ್ತು ಅಲ್ಲಿಂದ ಮಿದುಳಿಗೆ ಹರಿಯುತ್ತದೆ. ಅದರ ಪ್ರಮಾಣವನ್ನು ವೈದ್ಯನು ಹೊರಗಿನಿಂದಲೇ ಏರಿಸಬಲ್ಲನು, ಇಳಿಸಬಲ್ಲನು, ಬೇಕಾದರೆ ನಿಲ್ಲಿಸಬಲ್ಲನು. ಬ್ಯಾಟರಿ ಮುಗಿದಾಗ ಮತ್ತೆ ಶಸ್ತ್ರಕ್ರಿಯೆಯಿಂದ ಪೆಟ್ಟಿಗೆಯನ್ನು ಬದಲಿಸಬೇಕು. ಚರ್ಮದ ಮೇಲಿನಿಂದಲೇ ವಿದ್ಯುತ್ತು ತುಂಬಬಲ್ಲವು ಹೆಚ್ಚು ಕಾಲ ಬಾಳುತ್ತವೆ.

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ೧೯೮೭ರಲ್ಲಿ ಬೆನಾಬಿಡ್ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ಈ ಪದ್ಧತಿಯನ್ನು ಇಂದಿನ ರೂಪಕ್ಕೆ ತಂದರು. ಅಮೆರಿಕದಲ್ಲಿ ೧೯೯೭ರಲ್ಲಿ ನಡುಕಕ್ಕೂ ೨೦೦೨ರಲ್ಲಿ ಪಾರ್ಕಿನ್ಸನ್ ರೋಗಕ್ಕೂ ಅಲ್ಲಿಯ ಸರ್ಕಾರದ ಅನುಜ್ಞೆ ದೊರೆಯಿತು. ೨೦೦೯ರಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಗೀಳುರೋಗಕ್ಕೆ ಮಿತವಾದ ಅನುಜ್ಞೆಯು ಸಿಕ್ಕಿತು. ಮೊದಲು ಕೈನಡುಕ, ಆಮೇಲೆ ನಡೆಯ ಜಡತೆ, ಕೊನೆಗೆ ಮನಸ್ಸಿನ ಗೀಳು: ಶರೀರದಿಂದ ಮನಸ್ಸಿನ ಕಡೆಗೆ ಯಂತ್ರವು ನಡೆದುಬಂದ ದಾರಿ ಇದು.

ಮೈಸೂರು ಸೀಮೆಗೆ ಮಿದುಳಿನ ಶಸ್ತ್ರಕ್ರಿಯೆ ಹೊಸದೇನಲ್ಲ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಎಂ. ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯರಾದ ಬಿ. ಎನ್. ಬಾಲಕೃಷ್ಣರಾಯರೂ ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಛೇದಿಸುವ ಲ್ಯೂಕಾಟಮಿ ಶಸ್ತ್ರಕ್ರಿಯೆಯ ವಿಷಯವಾಗಿ ೧೯೪೪ರಲ್ಲಿಯೇ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಆ ಆಸ್ಪತ್ರೆಯೂ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಛೇದನದ ಕಾಲ ಕಳೆದು ವಿದ್ಯುತ್ತಿನ ಕಾಲ ಬಂದಿದೆ. ಛೇದಿಸಿದ್ದನ್ನು ಮರಳಿ ಕೂಡಿಸಲಾಗದು, ಯಂತ್ರವನ್ನಾದರೋ ನಿಲ್ಲಿಸಬಹುದು. ವೈದ್ಯರು ಇದನ್ನು ದೊಡ್ಡ ಗುಣವೆಂದು ಎಣಿಸುವುದು ನ್ಯಾಯವೇ. ಆದರೆ ನಿಲ್ಲಿಸಬಹುದೆಂಬ ಈ ಗುಣದಿಂದಲೇ ಹೊಸ ಧರ್ಮಸಂಕಟವು ಹುಟ್ಟಿತೆಂಬುದನ್ನು ಮುಂದೆ ಕಾಣಬಹುದು.

ಯಂತ್ರದ ಕನ್ನಡ ಹೆಸರಿನ ವಿಷಯದಲ್ಲಿ ಒಂದು ಮಾತು. ಸ್ಟಿಮ್ಯುಲೇಶನ್ ಎಂಬುದಕ್ಕೆ ಪ್ರಚೋದನೆ ಎಂಬ ಶಬ್ದವು ಬಳಕೆಯಲ್ಲಿದೆ. ಇದೇ ಶಬ್ದವು ಕನ್ನಡದ ನ್ಯಾಯವ್ಯವಹಾರದಲ್ಲಿ ಅಪರಾಧಕ್ಕೆ ಪ್ರೇರಿಸುವುದು ಎಂಬ ಅರ್ಥದಲ್ಲಿ ನಿಂತಿದೆ. ಆತ್ಮಹತ್ಯೆಗೆ ಪ್ರಚೋದನೆ, ಗಲಭೆಗೆ ಪ್ರಚೋದನೆ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತಾರೆ. ಯಂತ್ರವು ಮನುಷ್ಯನನ್ನು ಪ್ರಚೋದಿಸುತ್ತದೆ ಎಂದೊಡನೆ ಅಪರಾಧದ ಪ್ರಶ್ನೆಯನ್ನು ವಿಚಾರಿಸುವ ಮೊದಲೇ ತೀರ್ಪನ್ನು ಕೊಟ್ಟಂತಾಗುವುದು. ಅಲ್ಲದೆ ವೇಗವಾಗಿ ಮಿಡಿಯುವ ಈ ವಿದ್ಯುತ್ತು ಕೆಲವೆಡೆ ಕೆರಳಿಸುವುದಕ್ಕಿಂತ ಹೆಚ್ಚಾಗಿ, ಕೆಟ್ಟ ಮಿಡಿತವನ್ನು ತಡೆದು ಅಡಗಿಸುತ್ತದೆ. ಆದುದರಿಂದ ಈ ಲೇಖನದಲ್ಲಿ ವಿದ್ಯುದ್ಯಂತ್ರವೆಂಬ ಹೆಸರನ್ನೇ ಇಟ್ಟುಕೊಂಡಿದೆ.

೩. ಹಯವದನದಲ್ಲಿ ವೇತಾಲನ ತೀರ್ಪು

ವೇತಾಲಕಥೆಯ ತೀರ್ಪನ್ನು ಕನ್ನಡದಲ್ಲಿ ಮರುವಿಚಾರಣೆಗೆ ತಂದ ಕೃತಿ ಗಿರೀಶ ಕಾರ್ನಾಡರ ಹಯವದನ ನಾಟಕ (೧೯೭೧). ಜರ್ಮನ್ ಲೇಖಕ ಥಾಮಸ್ ಮಾನ್ ೧೯೪೦ರಲ್ಲಿ ಇದೇ ಕಥೆಯನ್ನು ವಿಸ್ತರಿಸಿ ಬರೆದಿದ್ದನು; ಕಾರ್ನಾಡರು ಅದನ್ನೂ ಬಳಸಿಕೊಂಡಿರುವರು. ಮೂಲಕಥೆಗೂ ನಾಟಕಕ್ಕೂ ಇರುವ ಭೇದಗಳಲ್ಲಿ ಒಂದು ವಿಶೇಷವಾಗಿ ಪರಿಶೀಲನಾರ್ಹವಾದುದು. ಸೋಮದೇವನಲ್ಲಿ ಎರಡನೆಯವನು ಹೆಣ್ಣಿನ ಒಡಹುಟ್ಟಿದವನು. ಮಾನ್ ಮತ್ತು ಕಾರ್ನಾಡರಲ್ಲಿ ಗಂಡನ ಗೆಳೆಯನು.

ಈ ಬದಲಾವಣೆಯಿಂದ ಪ್ರಶ್ನೆಯ ಜಾತಿಯೇ ಬದಲಾಯಿತು. ಒಡಹುಟ್ಟಿದವನಾದರೆ ತಪ್ಪು ಉತ್ತರದಿಂದ ಮಹಾಪಾತಕವು ಸಂಭವಿಸುತ್ತದೆ. ಅಲ್ಲಿ ಬೇಕಾದುದು ನಿಯಮ, ಅದೂ ಕೂಡಲೇ. ಅರಸನು ನಿಯಮವನ್ನು ಕೊಟ್ಟನು, ಕಥೆ ಮುಗಿಯಿತು. ಗೆಳೆಯನಾದರೆ ನಿಯಮವನ್ನು ಕೊಟ್ಟ ಮೇಲೆಯೇ ಕಥೆಯು ಆರಂಭವಾಗುತ್ತದೆ. ನಾಟಕದಲ್ಲಿ ಋಷಿಯೊಬ್ಬನು ಅರಸನ ತೀರ್ಪನ್ನೇ ಎತ್ತಿ ಹೇಳುತ್ತಾನೆ. ದೇವದತ್ತನ ತಲೆಯುಳ್ಳವನಿಗೆ ಪದ್ಮಿನಿಯು ಸಲ್ಲುತ್ತಾಳೆ. ಆದರೆ ತಲೆ ಗೆದ್ದರೂ ಮೈ ಸುಮ್ಮನಿರುವುದಿಲ್ಲ. ಕಪಿಲನ ಬಲಿಷ್ಠವಾದ ಮೈಯು ದೇವದತ್ತನ ತಲೆಯ ಕೆಳಗೆ ದಿನದಿನಕ್ಕೆ ಮೆತ್ತಗಾಗುತ್ತದೆ. ದೇವದತ್ತನ ಮೃದುವಾದ ಮೈಯು ಕಪಿಲನ ತಲೆಯ ಕೆಳಗೆ ಕಾಡಿನಲ್ಲಿ ಗಟ್ಟಿಯಾಗುತ್ತದೆ. ಮೈಯಲ್ಲಿ ಉಳಿದ ಹಳೆಯ ನೆನಪುಗಳು ತಲೆಯೊಡನೆ ಹೋರಾಡುತ್ತವೆ. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಪದ್ಮಿನಿಯು ಸಹಗಮನ ಮಾಡುತ್ತಾಳೆ.

ಹಯವದನವನ್ನು ಅಪೂರ್ಣತೆಯ ನಾಟಕವೆಂದು ಪಾಠ ಹೇಳುವುದು ತರಗತಿಗಳಲ್ಲಿ ರೂಢಿಯಾಗಿದೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ನಾಟಕದ ಅರ್ಧವು ಕೈಬಿಟ್ಟುಹೋಗುವುದು. ನಾಟಕವು ತೀರ್ಪಿನ ವಿಮರ್ಶೆಯೂ ಹೌದು. ಯಾರು ಎಂಬ ಪ್ರಶ್ನೆಗೆ ಒಂದು ದಿನ ಕೊಟ್ಟ ಉತ್ತರವು ಎಲ್ಲ ದಿನಗಳಿಗೂ ಸಲ್ಲದೆಂಬುದನ್ನೂ, ಹೆಸರನ್ನು ನಿಶ್ಚಯಿಸಿದ ಮಾತ್ರಕ್ಕೆ ಇಚ್ಛೆಯನ್ನು ನಿಶ್ಚಯಿಸಿದಂತೆ ಆಗದೆಂಬುದನ್ನೂ ಕಾರ್ನಾಡರು ತೋರಿಸಿರುವರು. ಆದರೆ ನಾಟಕದಲ್ಲಿ ಒಂದು ಕೊರತೆಯೂ ಇದೆ. ಅದರಲ್ಲಿ ತಲೆಯು ಕೊನೆಯವರೆಗೂ ಅಖಂಡವಾಗಿಯೇ ಉಳಿಯುತ್ತದೆ. ಹೋರಾಟವೆಲ್ಲ ತಲೆಗೂ ಮೈಗೂ. ತಲೆಯೊಳಗೇ ಎರಡು ಪಕ್ಷಗಳಾಗಬಹುದೆಂಬ ಸಂಭವವು ಅಲ್ಲಿ ಬರುವುದಿಲ್ಲ. ವಿದ್ಯುದ್ಯಂತ್ರವು ಎತ್ತುವುದು ಆ ಸಂಭವವನ್ನೇ. ಅದನ್ನು ವಿಚಾರಿಸಲು ಬೇರೊಂದು ಕಥೆಯು ಹೆಚ್ಚು ಉಪಕಾರಿಯಾಗಿದೆ.

೪. ನಲನ ಉದಾಹರಣೆ ಮತ್ತು ಕರ್ತೃತ್ವ

ಮಹಾಭಾರತದ ನಲೋಪಾಖ್ಯಾನವೂ ಅದನ್ನು ಕನ್ನಡಕ್ಕೆ ತಂದ ಕನಕದಾಸರ ನಳಚರಿತ್ರೆಯೂ ಓದುಗರಿಗೆ ಪರಿಚಿತವಾದುವು. ಕಲಿಯು ನಲನ ಒಳಗೆ ಸೇರಿಕೊಳ್ಳುತ್ತಾನೆ. ನಲನ ತಲೆಯೂ ಮೈಯೂ ನಲನವೇ. ಆದರೆ ಅವನು ಜೂಜಿನಲ್ಲಿ ರಾಜ್ಯವನ್ನು ಪುಷ್ಕರನಿಗೆ ಸೋಲುತ್ತಾನೆ, ಕಾಡಿನಲ್ಲಿ ಮಲಗಿದ್ದ ದಮಯಂತಿಯನ್ನು ತೊರೆದುಹೋಗುತ್ತಾನೆ. ವೇತಾಲನ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸುಲಭ: ಅವನು ನಲನೇ. ಆದರೆ ಆ ಉತ್ತರದಿಂದ ಪ್ರಯೋಜನವಿಲ್ಲ. ಯಾರು ಎಂಬುದು ಗೊತ್ತಾದರೂ ಮಾಡಿದವನಾರು ಎಂಬುದು ಗೊತ್ತಾಗಲಿಲ್ಲ.

ಮಹಾಭಾರತದ ಕಥೆಯ ನಡೆಯಲ್ಲಿ ಸೂಕ್ಷ್ಮವಾದ ಭೇದವೊಂದಿದೆ. ಕಲಿಯು ಬಿಟ್ಟುಹೋದ ಮೇಲೆ ನಲನು ದಮಯಂತಿಯ ಎದುರಿಗೆ, ಆದುದೆಲ್ಲ ಕಲಿಯ ಕೆಲಸ, ತನ್ನದಲ್ಲವೆಂದು ಹೇಳಿಕೊಳ್ಳುತ್ತಾನೆ. ಆದರೆ ಪುಷ್ಕರನ ಬಳಿಗೆ ಹೋಗಿ, ಕಲಿಯಿದ್ದಾಗ ಆಡಿದ ಜೂಜು ಅಸಿಂಧು, ರಾಜ್ಯವನ್ನು ಹಿಂದಕ್ಕೆ ಕೊಡು ಎಂದು ಕೇಳುವುದಿಲ್ಲ. ಮತ್ತೊಮ್ಮೆ ಪಣವೊಡ್ಡಿ, ಗೆದ್ದು, ರಾಜ್ಯವನ್ನು ಪಡೆಯುತ್ತಾನೆ. ಗೆದ್ದಾದಮೇಲೆಯೇ ಹಿಂದಿನ ಸೋಲು ಕಲಿಯದೆಂದು ಹೇಳಿ ಪುಷ್ಕರನನ್ನು ಕ್ಷಮಿಸುತ್ತಾನೆ. ಎಂದರೆ, ಒಳಗೆ ಸೇರಿದ ಅನ್ಯಶಕ್ತಿಯು ನಲನ ನಿಂದೆಯನ್ನು ಕಳೆಯುತ್ತದೆ, ಅವನ ವ್ಯವಹಾರವನ್ನು ಅಳಿಸುವುದಿಲ್ಲ. ನಿಂದೆಯ ಪ್ರಶ್ನೆಯೇ ಬೇರೆ, ವ್ಯವಹಾರದ ಪ್ರಶ್ನೆಯೇ ಬೇರೆ. ಈ ವಿವೇಕವನ್ನು ಇಂದಿನ ಚರ್ಚೆಗಳಲ್ಲಿ ಅನೇಕರು ಮರೆತಿರುವರು.

ಇದು ಕೇವಲ ಊಹೆಯ ಮಾತಲ್ಲ. ಡಚ್ ವೈದ್ಯರು ೨೦೦೪ರಲ್ಲಿ ಒಂದು ವೃತ್ತಾಂತವನ್ನು ಪ್ರಕಟಿಸಿದರು. ಪಾರ್ಕಿನ್ಸನ್ ರೋಗದಿಂದ ಹಾಸಿಗೆ ಹಿಡಿದಿದ್ದ ಒಬ್ಬನಿಗೆ ಯಂತ್ರವನ್ನು ನೆಟ್ಟ ಮೇಲೆ ನಡೆ ಬಂದಿತು. ಕೆಲವು ವರ್ಷಗಳಲ್ಲಿ ಉನ್ಮಾದವೂ ಬಂದಿತು. ಅವನು ಮಿತಿಯಿಲ್ಲದೆ ವೆಚ್ಚ ಮಾಡಿ ಸಾಲಗಾರನಾದನು, ಜನರೊಡನೆ ಜಗಳಗಳಲ್ಲಿ ಸಿಕ್ಕಿಕೊಂಡನು. ಔಷಧಗಳು ಫಲಿಸಲಿಲ್ಲ. ಯಂತ್ರವನ್ನು ನಿಲ್ಲಿಸಿದರೆ ಬುದ್ಧಿ ಸ್ಥಿಮಿತಕ್ಕೆ ಬರುವುದು, ಮೈ ಮಾತ್ರ ಮರದ ಕೊರಡಾಗುವುದು. ನಡೆಸಿದರೆ ಮೈ ಚೇತರಿಸುವುದು, ಬುದ್ಧಿ ಹಿಡಿತ ತಪ್ಪುವುದು. ಯಾವುದು ಬೇಕೆಂದು ಅವನನ್ನೇ ಕೇಳಬೇಕಾಯಿತು. ಆದರೆ ಯಾವ ಸ್ಥಿತಿಯಲ್ಲಿ ಕೇಳುವುದು? ವೈದ್ಯರು ಯಂತ್ರವನ್ನು ನಿಲ್ಲಿಸಿ, ಬುದ್ಧಿ ತಿಳಿಯಾದಾಗ ಕೇಳಿದರು. ಯಂತ್ರವು ನಡೆಯಲಿ, ತಾನು ಮಾನಸಿಕ ಆಸ್ಪತ್ರೆಯಲ್ಲಿಯೇ ಇರುವೆನೆಂದು ಅವನು ಉತ್ತರ ಕೊಟ್ಟನು. ಕಲಿಯನ್ನು ಹೊರಗೆ ನಿಲ್ಲಿಸಿ ನಲನನ್ನು ಕೇಳಿದಾಗ, ನಲನೇ ಕಲಿಯನ್ನು ಒಳಗೆ ಕರೆದಂತಾಯಿತು.

ವ್ಯಾಕರಣಶಾಸ್ತ್ರದ ಮಾತಿನಲ್ಲಿ ಇದನ್ನು ಸ್ಪಷ್ಟಪಡಿಸಬಹುದು. ಪಾಣಿನಿಯ ಮತದಲ್ಲಿ ಸ್ವತಂತ್ರನಾದವನು ಕರ್ತೃ. ಕ್ರಿಯೆಯ ಸಿದ್ಧಿಗೆ ಅತ್ಯಂತ ಸಾಧಕವಾದುದು ಕರಣ. ಕರ್ತೃವನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರೂ ಕರ್ತೃವೆಂಬ ಹೆಸರೂ ಉಂಟು. ಪ್ರೇರಿತನಾದವನು ಪ್ರೇರಣೆಯಿಂದಾಗಿ ಕರಣವಾಗಿಬಿಡುವುದಿಲ್ಲ. ಅವನು ಪ್ರಯೋಜ್ಯನಾದರೂ ಕರ್ತೃವೇ. ಯಂತ್ರಕ್ಕೆ ಇಚ್ಛೆಯಿಲ್ಲದುದರಿಂದ ಅದು ಪ್ರಯೋಜಕವಾಗಲಾರದು, ಅದು ಕರಣವೇ. ಹಾಗಾದರೆ ಪ್ರಯೋಜಕನಾರು? ವಿದ್ಯುತ್ತಿನ ಪ್ರಮಾಣವನ್ನು ಗೊತ್ತುಮಾಡಿದ ವೈದ್ಯನೋ? ಯಂತ್ರವನ್ನು ಮಾಡಿದ ಕಂಪೆನಿಯೋ? ತನ್ನ ಕೈಯಲ್ಲಿರುವ ಸಾಧನದಿಂದ ಪ್ರಮಾಣವನ್ನು ಬದಲಿಸಬಲ್ಲ ರೋಗಿಯೋ? ೨೦೨೫ರಲ್ಲಿ ಅಮೆರಿಕದ ಅನುಜ್ಞೆಯನ್ನು ಪಡೆದ ಹೊಸ ಬಗೆಯ ಯಂತ್ರಗಳಲ್ಲಿ ಯಂತ್ರವೇ ಮಿದುಳಿನ ಸಂಕೇತವನ್ನು ಓದಿ ವಿದ್ಯುತ್ತನ್ನು ಹೆಚ್ಚುಕಡಮೆ ಮಾಡುತ್ತದೆ. ಆಗ ಪ್ರಯೋಜಕನ ಸ್ಥಾನವು ಇನ್ನೂ ಮಸುಕಾಗುವುದು.

ಭಾರತದ ದಂಡನೀತಿಯು ಈ ಪ್ರಶ್ನೆಗೆ ಅಳವಡುವುದಿಲ್ಲ. ೨೦೨೩ರ ಭಾರತೀಯ ನ್ಯಾಯ ಸಂಹಿತೆಯ ೨೨ನೆಯ ಪ್ರಕರಣವು, ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯಲಾರದಷ್ಟು ಚಿತ್ತಸ್ವಾಸ್ಥ್ಯವಿಲ್ಲದವನನ್ನು ಅಪರಾಧದಿಂದ ಬಿಡಿಸುತ್ತದೆ. ೨೩ನೆಯದು, ತನ್ನ ಅರಿವಿಲ್ಲದೆ ಅಥವಾ ಇಚ್ಛೆಗೆ ವಿರುದ್ಧವಾಗಿ ಅಮಲಿಗೊಳಗಾದವನನ್ನು ಅಂಥದೇ ಸ್ಥಿತಿಯಲ್ಲಿ ಬಿಡಿಸುತ್ತದೆ. ಎರಡರಲ್ಲಿಯೂ ಒರೆಗಲ್ಲು ಅರಿವು. ಯಂತ್ರದಿಂದ ಉನ್ಮತ್ತನಾದವನಿಗೆ ಅರಿವು ಇರಬಹುದು, ಇಲ್ಲದಿರುವುದು ತಡೆ. ತಪ್ಪೆಂದು ತಿಳಿದೂ ನಿಲ್ಲಲಾರದವನಿಗೆ ಈ ಪ್ರಕರಣಗಳಲ್ಲಿ ಸ್ಥಳವಿಲ್ಲ. ಮೇಲಾಗಿ ಯಂತ್ರವು ಅಮಲಿನ ಪದಾರ್ಥವಲ್ಲ; ಅದನ್ನು ಇಚ್ಛೆಗೆ ವಿರುದ್ಧವಾಗಿ ನೆಟ್ಟುದೂ ಅಲ್ಲ.

ಔಷಧವೂ ಮನಸ್ಸನ್ನು ಬದಲಿಸುವುದಿಲ್ಲವೆ, ಯಂತ್ರದ ಮೇಲೆ ಮಾತ್ರ ಸಂದೇಹವೇಕೆ ಎಂದು ಪೂರ್ವಪಕ್ಷಿಯು ಕೇಳಬಹುದು. ಆಕ್ಷೇಪವು ಸಾರವುಳ್ಳದ್ದು. ಪಾರ್ಕಿನ್ಸನ್ ರೋಗಕ್ಕೆ ಇಂದಿಗೂ ಮುಖ್ಯವಾದ ಔಷಧ ಲೆವೊಡೋಪ. ಅದು ನಸುಗುನ್ನಿಯ ಬೀಜದಲ್ಲಿರುವುದನ್ನು ೧೯೩೭ರಲ್ಲಿ ಮದರಾಸಿನ ಸಂಶೋಧಕರು ಪ್ರಕಟಪಡಿಸಿದರು. ಆಯುರ್ವೇದದ ನಿಘಂಟುಗಳಲ್ಲಿ ಈ ಬಳ್ಳಿಗೆ ಕಪಿಕಚ್ಛುವೆಂದೂ ಆತ್ಮಗುಪ್ತಾ ಎಂದೂ ಹೆಸರು. ಈ ವರ್ಗದ ಔಷಧಗಳಿಂದಲೂ ಕೆಲವರಲ್ಲಿ ಜೂಜಿನ ಚಪಲ ಮೊದಲಾದುವು ಹುಟ್ಟುತ್ತವೆ. ಆದರೂ ಭೇದವಿದೆ. ಗುಳಿಗೆಯನ್ನು ದಿನವೂ ಕೈಯಿಂದ ತೆಗೆದುಕೊಂಡು ನುಂಗಬೇಕು. ಪ್ರತಿಸಲವೂ ಸಮ್ಮತಿಯು ಹೊಸದಾಗುತ್ತದೆ. ಯಂತ್ರಕ್ಕಾದರೋ ಒಂದು ದಿನದ ಸಮ್ಮತಿಯು ವರ್ಷಗಟ್ಟಲೆ ನಡೆಯುತ್ತದೆ, ನಿದ್ದೆಯಲ್ಲಿಯೂ ನಡೆಯುತ್ತದೆ. ಆದುದರಿಂದ ಯಂತ್ರದ ವಿಷಯದಲ್ಲಿ ಮೊದಲ ಸಮ್ಮತಿಯ ಭಾರವು ಬಹಳ ಹೆಚ್ಚು.

೫. ಸಮ್ಮತಿವಿಚಾರ

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಕನ್ನಡನಾಡಿನಲ್ಲಿ ಹುಟ್ಟಿ, ಬಂಗಾಳವೊಂದನ್ನುಳಿದು ಬಹುಪಾಲು ಭಾರತದ ದಾಯವಿಭಾಗವನ್ನು ಆಳಿದ ಗ್ರಂಥ. ಮತ್ತ, ಉನ್ಮತ್ತ, ಆರ್ತ, ವ್ಯಸನಿ, ಬಾಲ, ಭೀತ ಮೊದಲಾದವರು ಮಾಡಿದ ವ್ಯವಹಾರವು ಸಿದ್ಧಿಸದೆಂದು ಸ್ಮೃತಿಯ ಅಭಿಪ್ರಾಯ. ಮತ್ತನೆಂದರೆ ಮಾದಕದ್ರವ್ಯದಿಂದ ಮದಿಸಿದವನು. ಉನ್ಮತ್ತನೆಂದರೆ ವಾತ, ಪಿತ್ತ, ಕಫ, ಸನ್ನಿಪಾತ, ಗ್ರಹಗಳಿಂದಾದ ಐದು ಬಗೆಯ ಉನ್ಮಾದವುಳ್ಳವನು. ಆರ್ತನೆಂದರೆ ವ್ಯಾಧಿ ಮೊದಲಾದುವುಗಳಿಂದ ಪೀಡಿತನು ಎಂದು ವ್ಯಾಖ್ಯಾನಕಾರನು ಬಿಡಿಸಿರುವನು.

ಇಲ್ಲಿ ಬಲವಾದ ಪೂರ್ವಪಕ್ಷವು ಏಳುತ್ತದೆ. ಆರ್ತನ ವ್ಯವಹಾರವು ಸಿದ್ಧಿಸದಿದ್ದರೆ ರೋಗಿಯ ಸಮ್ಮತಿಯು ಎಂದಿಗೂ ಸಿದ್ಧಿಸದು. ರೋಗಿಯಲ್ಲದವನಿಗೆ ಚಿಕಿತ್ಸೆಯೇ ಬೇಕಿಲ್ಲ. ಇದಕ್ಕೆ ಸಮಾಧಾನವು ಆ ಪಟ್ಟಿಯ ತಾತ್ಪರ್ಯದಲ್ಲಿದೆ. ರೋಗವು ದೋಷವಲ್ಲ, ರೋಗದ ಸಂಕಟವನ್ನು ಇನ್ನೊಬ್ಬನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುವುದು ದೋಷ. ಭೀತನೂ ಬಾಲನೂ ಆರ್ತನೂ ಒಂದೇ ಸಾಲಿನಲ್ಲಿ ಬಂದಿರುವುದು ಇದಕ್ಕೆ ಗಮಕ. ಹೀಗಿರಲು ಸಮ್ಮತಿಯನ್ನು ಪರೀಕ್ಷಿಸುವಾಗ ಕೊಟ್ಟವನ ಬುದ್ಧಿಯನ್ನು ಮಾತ್ರ ಅಳೆದರೆ ಸಾಲದು. ಪಡೆದವನ ನಡತೆಯನ್ನೂ ಅಳೆಯಬೇಕು.

೧೮೭೨ರ ಭಾರತೀಯ ಕರಾರು ಕಾಯಿದೆಯ ೧೨ನೆಯ ಪ್ರಕರಣವು ಬೇರೆ ದಾರಿಯನ್ನು ಹಿಡಿಯಿತು. ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದು ಆಗಾಗ ಸ್ವಸ್ಥನಾಗುವವನು ಸ್ವಸ್ಥನಾಗಿದ್ದಾಗ ಕರಾರು ಮಾಡಬಹುದು. ಸಾಮಾನ್ಯವಾಗಿ ಸ್ವಸ್ಥನಾಗಿದ್ದು ಆಗಾಗ ಅಸ್ವಸ್ಥನಾಗುವವನು ಅಸ್ವಸ್ಥನಾಗಿದ್ದಾಗ ಮಾಡಲಾಗದು. ಕಾಯಿದೆಯನ್ನು ಬರೆದವರ ಕಾಲದಲ್ಲಿ ಸ್ವಾಸ್ಥ್ಯದ ಅವಧಿಗಳು ತಾವಾಗಿ ಬಂದುಹೋಗುತ್ತಿದ್ದುವು. ಈಗ ಅವು ಗುಂಡಿಯನ್ನೊತ್ತಿದರೆ ಬರುತ್ತವೆ, ಒತ್ತಿದರೆ ಹೋಗುತ್ತವೆ. ಯಾವನ ಕೈಯಲ್ಲಿ ಗುಂಡಿಯಿದೆಯೋ ಅವನ ಕೈಯಲ್ಲಿ ರೋಗಿಯ ವ್ಯವಹಾರಯೋಗ್ಯತೆಯೂ ಇದೆ. ನಿಲ್ಲಿಸಬಹುದೆಂಬ ಗುಣದಿಂದ ಹುಟ್ಟಿದ ಸಂಕಟವೆಂದು ಮೇಲೆ ಹೇಳಿದುದು ಇದನ್ನೇ.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಈ ವಿಷಯದಲ್ಲಿ ಮುಂದುವರಿದಿದೆ. ರೋಗಿಯ ನಿರ್ಧಾರವು ಇತರರಿಗೆ ತಪ್ಪಾಗಿ ಕಂಡಿತೆಂಬ ಮಾತ್ರಕ್ಕೆ ಅವನಿಗೆ ಯೋಗ್ಯತೆಯಿಲ್ಲವೆನ್ನಬಾರದೆಂದು ೪ನೆಯ ಪ್ರಕರಣವು ವಿಧಿಸುತ್ತದೆ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮೊದಲೇ ಬರೆದಿಡಲು ೫ನೆಯದು ಅವಕಾಶವನ್ನು ಕೊಡುತ್ತದೆ. ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆಯನ್ನು ಮಾಡಬೇಕಾದರೆ ರೋಗಿಯ ತಿಳಿದ ಸಮ್ಮತಿಯೂ ಮಂಡಲಿಯ ಒಪ್ಪಿಗೆಯೂ ಬೇಕೆಂದು ೯೬ನೆಯದು ನಿರ್ಬಂಧಿಸುತ್ತದೆ. ಆದರೆ ಈ ಕೊನೆಯ ವಿಧಿಯು ರೋಗದ ಹೆಸರನ್ನು ಹಿಡಿದು ನಿಂತಿದೆ. ಗೀಳುರೋಗಕ್ಕೆ ತಂತಿಯನ್ನಿಳಿಸಿದರೆ ಮಂಡಲಿಯ ಮುಂದೆ ಹೋಗಬೇಕು. ಕೈನಡುಕಕ್ಕೆ ಇಳಿಸಿದರೆ ಹೋಗಬೇಕಾಗಿಲ್ಲ. ತಂತಿ ಒಂದೇ ಬಗೆಯದು, ಪೆಟ್ಟಿಗೆ ಒಂದೇ ಬಗೆಯದು. ಡಚ್ಚರ ರೋಗಿಗೆ ಯಂತ್ರವನ್ನು ನೆಟ್ಟುದು ಮೈಯ ರೋಗಕ್ಕೆ, ಕೆಟ್ಟುದು ಮನಸ್ಸು. ಉದ್ದೇಶವನ್ನು ನೋಡಿ ಫಲವನ್ನು ನೋಡದ ಈ ವಿಧಿಯು, ತಲೆಯನ್ನು ನೋಡಿ ಮೈಯನ್ನು ನೋಡದ ವೇತಾಲಕಥೆಯ ಅರಸನ ತೀರ್ಪಿನಂತೆಯೇ ಅರ್ಧವಾದುದು.

ಮನೆಯವರು ಒಪ್ಪಿದರೆ ಸಾಕೆಂಬುದು ಹಳ್ಳಿಗಳಲ್ಲಿ ಸಾಮಾನ್ಯವಾದ ಭಾವನೆ. ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಇದನ್ನು ನಿರಾಕರಿಸಿತು. ರೋಗಪರೀಕ್ಷೆಗೆಂದು ಅರಿವಳಿಕೆ ಪಡೆದ ಪ್ರಾಪ್ತವಯಸ್ಕಳ ಅಂಗವನ್ನು ತಾಯಿಯ ಒಪ್ಪಿಗೆಯಿಂದ ತೆಗೆದುದು ಸಲ್ಲದೆಂದೂ, ಪರೀಕ್ಷೆಗೆ ಕೊಟ್ಟ ಸಮ್ಮತಿಯು ಚಿಕಿತ್ಸೆಗೆ ಕೊಟ್ಟ ಸಮ್ಮತಿಯಾಗದೆಂದೂ ತೀರ್ಪಾಯಿತು. ಇದೇ ನ್ಯಾಯದಿಂದ, ನಡುಕ ನಿಲ್ಲಲೆಂದು ಕೊಟ್ಟ ಸಮ್ಮತಿಯನ್ನು ಸ್ವಭಾವ ಬದಲಾಗಲೆಂದು ಕೊಟ್ಟ ಸಮ್ಮತಿಯೆಂದು ಓದಲಾಗದು.

ಯಂತ್ರವು ದಾಖಲಿಸುವ ಮಿದುಳಿನ ಸಂಕೇತಗಳು ಯಾರ ಸೊತ್ತೆಂಬ ಪ್ರಶ್ನೆಗೆ ಕರ್ನಾಟಕದ ಎರಡು ಹೆಸರುಗಳು ಅಂಟಿಕೊಂಡಿವೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ೨೦೧೦ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಂಪರು ಪರೀಕ್ಷೆಯನ್ನಾಗಲಿ ಮಿದುಳಿನ ವಿದ್ಯುತ್ಪರೀಕ್ಷೆಯನ್ನಾಗಲಿ ಆರೋಪಿಯ ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ನಿರ್ಣಯಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಬಲಾತ್ಕಾರದಿಂದ ಮಿದುಳನ್ನು ಓದುವುದಕ್ಕೆ ಇವುಗಳಿಂದ ತಡೆಯುಂಟಾಯಿತು. ಚಿಕಿತ್ಸೆಗೆಂದು ರೋಗಿಯು ತಾನೇ ಇಟ್ಟುಕೊಂಡ ಯಂತ್ರದಲ್ಲಿ ಕೂಡಿಬಿದ್ದ ದಾಖಲೆಯನ್ನು ಮೂರನೆಯವನು ಕೇಳಿದರೆ ಏನೆಂಬ ಪ್ರಶ್ನೆಗೂ ಸೆಲ್ವಿ ತೀರ್ಪಿನ ನ್ಯಾಯವನ್ನೇ ವಿಸ್ತರಿಸುವುದು ಯುಕ್ತ.

ಇನ್ನು ಯಂತ್ರವನ್ನು ಹಿಂದಕ್ಕೆ ತೆಗೆಯುವ ಪ್ರಶ್ನೆ. ಆಸ್ಟ್ರೇಲಿಯದಲ್ಲಿ ಮೂರ್ಛೆರೋಗದ ಮುನ್ಸೂಚನೆಯನ್ನು ಕೊಡುವ ಯಂತ್ರವೊಂದನ್ನು ಕೆಲವರ ತಲೆಯಲ್ಲಿ ಪ್ರಯೋಗಾರ್ಥವಾಗಿ ನೆಟ್ಟಿದ್ದರು. ಕಂಪೆನಿಯ ಬಳಿ ಹಣ ಮುಗಿದುದರಿಂದ, ಇಟ್ಟುಕೊಳ್ಳಬೇಕೆಂದು ಬೇಡಿದವಳಿಂದಲೂ ಅದನ್ನು ತೆಗೆಯಬೇಕಾಯಿತು. ತನ್ನ ಭಾಗವೇ ಹೋಯಿತೆಂಬ ದುಃಖವನ್ನು ಆಕೆಯು ತೋಡಿಕೊಂಡುದನ್ನು ವಿದ್ವಾಂಸರು ೨೦೨೩ರಲ್ಲಿ ವರದಿಮಾಡಿರುವರು. ಸಂಪತ್ತುಳ್ಳ ದೇಶದಲ್ಲಿಯೇ ಹೀಗಾದರೆ, ಹೊಗೆಸೊಪ್ಪಿನ ಬೆಳೆಯ ಹಣದಿಂದ ವರ್ಷವನ್ನು ಸಾಗಿಸುವ ಹುಣಸೂರು ಪಿರಿಯಾಪಟ್ಟಣಗಳ ರೈತನು, ಬ್ಯಾಟರಿ ಮುಗಿದಾಗ ಮತ್ತೆ ಲಕ್ಷಗಟ್ಟಲೆ ರೂಪಾಯಿಗಳನ್ನು ಎಲ್ಲಿಂದ ತರುವನೆಂಬುದು ಕಡೆಗಣಿಸತಕ್ಕ ಪ್ರಶ್ನೆಯಲ್ಲ. ಮೊದಲ ಸಮ್ಮತಿಪತ್ರದಲ್ಲಿಯೇ ಅದಕ್ಕೆ ಉತ್ತರವಿರಬೇಕು.

೬. ಸಮ್ಮತಿಪತ್ರದ ಭಾಷೆ

ಸಮ್ಮತಿಪತ್ರವು ಒಂದು ವಾಙ್ಮಯ, ಅದನ್ನೂ ವಿಮರ್ಶಿಸಬೇಕು. ಕಾಯಿದೆಯ ೪ನೆಯ ಪ್ರಕರಣವು, ತಿಳಿಸತಕ್ಕ ವಿಷಯವನ್ನು ರೋಗಿಗೆ ಅರ್ಥವಾಗುವ ಸರಳವಾದ ಭಾಷೆಯಲ್ಲಿಯೋ ಸಂಜ್ಞೆಯಿಂದಲೋ ಚಿತ್ರಗಳಿಂದಲೋ ತಿಳಿಸಬೇಕೆನ್ನುತ್ತದೆ. ಈ ಕರ್ತವ್ಯವು ಅರ್ಧ ವೈದ್ಯರದು, ಅರ್ಧ ಭಾಷಾಪಂಡಿತರದು.

ಅನುಮತಿ, ಸಮ್ಮತಿ, ಒಪ್ಪಿಗೆ ಎಂಬ ಮೂರು ಶಬ್ದಗಳು ಕನ್ನಡದಲ್ಲಿ ಬಳಕೆಯಲ್ಲಿವೆ. ಅನುಮತಿಯು ಮೇಲಿನವನು ಕೆಳಗಿನವನಿಗೆ ಕೊಡುವಂಥದು. ಸಮ್ಮತಿಯು ಎರಡು ಮತಿಗಳು ಕೂಡುವುದು. ಒಪ್ಪಿಗೆಯು ಒಪ್ಪು ಎಂಬ ದೇಶ್ಯಧಾತುವಿನಿಂದ ಬಂದುದು. ಹಳಗನ್ನಡದಲ್ಲಿ ಅದಕ್ಕೆ ತಕ್ಕುದಾಗಿರು, ಶೋಭಿಸು ಎಂಬ ಅರ್ಥವೂ ಉಂಟು. ಆದರೆ ಇದೇ ಧಾತುವಿನಿಂದ ಒಪ್ಪಿಸು ಎಂಬ ಪ್ರೇರಣಾರೂಪವೂ ಹುಟ್ಟಿದೆ. ಹಳ್ಳಿಯ ಮನೆಯವರು ವೈದ್ಯನ ಮುಂದೆ ಕೈಮುಗಿದು, ನಿಮಗೇ ಒಪ್ಪಿಸಿದ್ದೇವೆ ಸ್ವಾಮಿ, ಇನ್ನು ನೀವುಂಟು ದೇವರುಂಟು ಎನ್ನುವುದು ವಾಡಿಕೆ. ಅದು ಒಪ್ಪಿಸುವುದು, ಒಪ್ಪುವುದಲ್ಲ. ಶರಣಾಗತಿಯು ದೇವಾಲಯದಲ್ಲಿ ಧರ್ಮ, ಆಸ್ಪತ್ರೆಯಲ್ಲಿ ಸಮ್ಮತಿಯ ಅಭಾವ. ಪತ್ರದ ಕೆಳಗಣ ರುಜುವೂ ಹೆಬ್ಬೆಟ್ಟಿನ ಗುರುತೂ ಈ ಎರಡನ್ನು ಬೇರ್ಪಡಿಸಲಾರವು. ಅರ್ಥವನ್ನು ಬಿಡಿಸಿ ಹೇಳಿ, ಕೇಳಿದವನು ತನ್ನ ಮಾತಿನಲ್ಲಿ ಮರಳಿ ಹೇಳುವಂತೆ ಮಾಡಿದರೆ ಮಾತ್ರ ಭೇದವು ತೋರುವುದು.

ಈ ನಾಲ್ಕು ತಾಲ್ಲೂಕುಗಳ ಜನರಿಗೆ ಪ್ರಶ್ನೆಯನ್ನು ತಿಳಿಸುವುದು ಅಸಾಧ್ಯವೇನಲ್ಲ; ಅವರ ಮಾತಿನಲ್ಲಿಯೇ ಅದಕ್ಕೆ ಸಾಮಗ್ರಿಯಿದೆ. ಗ್ರಾಮದೇವತೆಯ ಹಬ್ಬದಲ್ಲಿ ಒಬ್ಬನಿಗೆ ಮೈದುಂಬಿದಾಗ ಅವನಾಡಿದ ನುಡಿಯನ್ನು ದೇವರ ನುಡಿಯೆಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಅವನು ಗದರಿದರೆ ಮರುದಿನ ಅವನ ಮೇಲೆ ಹಗೆ ಸಾಧಿಸುವುದಿಲ್ಲ. ಆ ಹೊತ್ತಿನಲ್ಲಿ ಅವನಿಂದ ಜಮೀನಿನ ಪತ್ರವನ್ನೂ ಬರೆಯಿಸಿಕೊಳ್ಳುವುದಿಲ್ಲ. ತಾನು ತಾನಾಗಿರಲಿಲ್ಲ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಮೈಮೇಲೆ ಬಂದಿತ್ತು ಎಂಬ ನುಡಿಗಟ್ಟುಗಳು ಕರ್ತೃತ್ವದ ತಾರತಮ್ಯವನ್ನು ಕಾಯಿದೆಗಿಂತ ನಯವಾಗಿ ಹೇಳುತ್ತವೆ. ಯಂತ್ರದಿಂದ ಹೀಗಾಗಬಹುದೆಂದು ಈ ಮಾತುಗಳಲ್ಲಿ ಹೇಳಿದರೆ ತಿಳಿಯದವರಿಲ್ಲ. ಆದರೆ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿರುವ ಜೇನುಕುರುಬರಿಗೂ ಬೆಟ್ಟಕುರುಬರಿಗೂ ತಮ್ಮತಮ್ಮದೇ ನುಡಿಗಳಿವೆ; ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ೧೯೬೧ರಿಂದ ನೆಲೆಸಿದ ಟಿಬೆಟಿನವರಿಗೆ ತಮ್ಮದೇ ಭಾಷೆಯಿದೆ. ಕನ್ನಡದ ಪತ್ರವೊಂದರಿಂದ ಅವರೆಲ್ಲರ ಸಮ್ಮತಿಯು ಸಿದ್ಧಿಸಿತೆಂದು ಎಣಿಸಲಾಗದು.

ನೆಟ್ಟ ಮೇಲೆ ಯಂತ್ರದ ಪ್ರಮಾಣವನ್ನು ಹಲವು ಸಲ ಹೊಂದಿಸಬೇಕು. ಬೆಂಗಳೂರು ಈ ಊರುಗಳಿಗೆ ೧೫೦ ಕಿಲೋಮೀಟರಿಗೆ ಮೇಲ್ಪಟ್ಟ ದೂರ. ಸ್ವಭಾವದ ಬದಲಾವಣೆಯನ್ನು ಮೊದಲು ಕಾಣುವವರು ವೈದ್ಯರಲ್ಲ. ಮನೆಯವರು, ನೆರೆಯವರು, ಅಂಗಡಿಯ ಸಾಲದ ಲೆಕ್ಕ ಬರೆಯುವವನು. ಯಾರು ಯಾರಿಗೆ ತಿಳಿಸಬೇಕೆಂಬುದನ್ನು ಪತ್ರದಲ್ಲಿ ಬರೆಯದಿದ್ದರೆ ಆ ಬದಲಾವಣೆಯು ಜಗಳವಾಗಿ ಬೆಳೆಯುವುದೇ ಹೊರತು ಚಿಕಿತ್ಸೆಯ ಗಮನಕ್ಕೆ ಬಾರದು.

ಇನ್ನೊಂದು ವಿಷಯವನ್ನು ಧರ್ಮಶಾಸ್ತ್ರಜ್ಞರು ಗಮನಿಸಬೇಕು. ಬ್ಯಾಟರಿಯುಳ್ಳ ಇಂಥ ಪೆಟ್ಟಿಗೆಯು ಚಿತೆಯ ಬೆಂಕಿಯಲ್ಲಿ ಸಿಡಿಯಬಲ್ಲುದು. ದಹನಕ್ಕೆ ಮೊದಲು ಅದನ್ನು ದೇಹದಿಂದ ತೆಗೆಯಬೇಕು. ಹೂಳುವ ಪದ್ಧತಿಯುಳ್ಳವರಿಗೆ ಸಿಡಿಯುವ ಭಯವಿಲ್ಲ. ದಹಿಸುವವರ ಮನೆಯಲ್ಲಿಯಾದರೋ ಹೆಣದ ಮೈಯನ್ನು ಮತ್ತೆ ಕೊಯ್ಯುವುದಕ್ಕೆ ಯಾರು ಒಪ್ಪಬೇಕು, ತೆಗೆದ ಪೆಟ್ಟಿಗೆ ಯಾರದು ಎಂಬ ಪ್ರಶ್ನೆಗಳು ಶೋಕದ ನಡುವೆ ಏಳಬಾರದು. ಬದುಕಿರುವಾಗಲೇ, ರೋಗಿಯ ಬಾಯಿಂದಲೇ, ಇದಕ್ಕೂ ಉತ್ತರವನ್ನು ಬರೆಯಿಸಿಟ್ಟುಕೊಳ್ಳುವುದು ಯುಕ್ತ.

೭. ನಿರ್ಣಯ

ಮೇಲಣ ವಿಚಾರದಿಂದ ಮೂರು ಪ್ರಶ್ನೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಯಾರು ಎಂಬುದು ವೇತಾಲನ ಪ್ರಶ್ನೆ. ಅದಕ್ಕೆ ಉತ್ತಮಾಂಗದ ಉತ್ತರವು ಇಂದಿಗೂ ಸಲ್ಲುತ್ತದೆ, ಯಂತ್ರವನ್ನು ಧರಿಸಿದವನು ಅವನೇ ಹೊರತು ಬೇರೊಬ್ಬನಲ್ಲ. ಮಾಡಿದವನಾರು ಎಂಬುದು ನಲನ ಪ್ರಶ್ನೆ. ಅದರಲ್ಲಿ ನಿಂದೆಯನ್ನೂ ವ್ಯವಹಾರವನ್ನೂ ಬಿಡಿಸಿ ನೋಡಬೇಕು. ಯಂತ್ರದ ಪ್ರಭಾವದಲ್ಲಿ ತಪ್ಪು ಮಾಡಿದವನಿಗೆ ದಂಡನೆಯಲ್ಲಿ ಕರುಣೆಯೂ, ಅವನಿಗೆ ನಂಬಿಕೆಯಿಂದ ಸಾಲ ಕೊಟ್ಟವನಿಗೆ ರಕ್ಷಣೆಯೂ ಒಟ್ಟಿಗೆ ಸಾಧ್ಯ. ಒಪ್ಪಿದವನಾರು ಎಂಬುದು ವಿಜ್ಞಾನೇಶ್ವರನ ಪ್ರಶ್ನೆ. ಅದರಲ್ಲಿ ಕೊಟ್ಟವನ ಬುದ್ಧಿಯೊಡನೆ ಪಡೆದವನ ನಡತೆಯನ್ನೂ ತೂಗಬೇಕು. ವೇತಾಲಕಥೆಯ ಅರಸನು ತಪ್ಪಿದನೆಂದಲ್ಲ. ಅವನನ್ನು ಕೇಳಿದುದು ಒಂದೇ ಪ್ರಶ್ನೆ.

ಇದರ ಪ್ರಯೋಜನವೇನೆಂದರೆ: ಶಸ್ತ್ರಕ್ರಿಯೆಗೆ ಮೊದಲೇ ರೋಗಿಯು, ಯಂತ್ರದಿಂದ ತನ್ನ ಸ್ವಭಾವವು ಬದಲಾದರೆ ಯಾವ ಸ್ಥಿತಿಯಲ್ಲಿ ತಾನು ಆಡಿದ ಮಾತನ್ನು ತನ್ನದೆಂದು ಕೊಳ್ಳಬೇಕು, ಯಾರು ವೈದ್ಯನಿಗೆ ತಿಳಿಸಬೇಕು, ಬ್ಯಾಟರಿಯ ವೆಚ್ಚವನ್ನು ಯಾರು ಭರಿಸಬೇಕು, ಕೊನೆಗೆ ಪೆಟ್ಟಿಗೆಯನ್ನು ಏನು ಮಾಡಬೇಕು ಎಂಬುದನ್ನು ಬರೆದಿಡುವಂತಾಗಬೇಕು. ಮನೋರೋಗಕ್ಕೆ ೫ನೆಯ ಪ್ರಕರಣವು ತೆರೆದ ಈ ದಾರಿಯನ್ನು ಮೈಯ ರೋಗಕ್ಕಾಗಿ ಯಂತ್ರವನ್ನು ಧರಿಸುವವರಿಗೂ ತೆರೆಯುವುದು ಶಾಸನಕರ್ತರ ಕೆಲಸ. ಆ ಪತ್ರವನ್ನು ಪಿರಿಯಾಪಟ್ಟಣದ ರೈತನೂ ಕೃಷ್ಣರಾಜನಗರದ ಭತ್ತದ ಗದ್ದೆಯ ಆಳೂ ಕೇಳಿ ತಿಳಿದು ಮರಳಿ ಹೇಳಬಲ್ಲ ಕನ್ನಡದಲ್ಲಿ ಬರೆಯುವುದು ಭಾಷೆಯನ್ನು ಕಲಿಸುವವರ ಕೆಲಸ. ಮೊದಲನೆಯದು ತಡವಾದರೂ ಎರಡನೆಯದನ್ನು ಈಗಲೇ ಆರಂಭಿಸಬಹುದು.